ನಪಾಸಾದ ಮರುದಿನ

ಆ ಭಾನುವಾರ ನಾನು ಪಲ್ಯಕ್ಕೆ ಮೆಂತ್ಯ ಸೊಪ್ಪು ಸೋಸುತ್ತಾ ಕೂತಿದ್ದೆ. ನಾಸಿಕ್ ರೋಡಿನ ನಮ್ಮ ಎರಡು ಕೋಣೆಯ ಮನೆಗೆ ಚಳಿಗಾಲದಲ್ಲಿ ಬಿಸಿಲು ಬರುವುದು ಒಂದೇ ತಾಸು, ಅದೂ ಅಡಿಗೆಮನೆಯ ಹೊಸ್ತಿಲ ಹತ್ತಿರ ಮಾತ್ರ. ಹೊಸ್ತಿಲ ಈಚೆ ನಾನು, ಆಚೆ ನನ್ನ ಗಂಡ. ಅವರ ತೊಡೆಯ ಮೇಲೆ ಕೆಂಪು ಬೆನ್ನುಪಟ್ಟಿಯ ಉದ್ದನೆಯ ನೋಟುಬುಕ್ಕು. ಮಗಳು ಒಳಗೆ ಹಾಸಿಗೆಯಲ್ಲೇ ಮೊಬೈಲು ನೋಡುತ್ತಾ ಮಲಗಿದ್ದಳು.

ನನ್ನ ಗಂಡ ನಿಫಾಡ್ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ನಾವಿಬ್ಬರೂ ಭಾಲ್ಕಿ ಕಡೆಯವರು. ಅವರು ಕಲಿಸುವುದು ಮರಾಠಿಯಲ್ಲಿ, ವಿಚಾರ ಮಾಡುವುದು ಕನ್ನಡದಲ್ಲಿ. ಅರ್ಜಿಯಿರಲಿ, ಪ್ರಶ್ನೆಪತ್ರಿಕೆಯಿರಲಿ, ಮೊದಲು ಕನ್ನಡದಲ್ಲಿ ಬರೆದು ಆಮೇಲೆ ಮರಾಠಿಗೆ ತಿರುಗಿಸುತ್ತಿದ್ದರು. ಇಪ್ಪತ್ತೆರಡು ವರ್ಷ ಮರಾಠಿ ಶಾಲೆಯಲ್ಲಿ ಕಳೆದರೂ ಆ ರೂಢಿ ಹೋಗಿರಲಿಲ್ಲ.

ಪರೀಕ್ಷೆ ಮತ್ತು ಪಠ್ಯಕ್ರಮ ಬದಲಿಸುವ ಬಗ್ಗೆ ಸಮಿತಿಯೊಂದು ಛತ್ರಪತಿ ಸಂಭಾಜಿನಗರದಲ್ಲಿ ಕೂತು ಶಿಕ್ಷಕರ ಮಾತನ್ನು ನೇರವಾಗಿ ಕೇಳಲಿದೆ ಎಂದು ಶಾಲೆಗೆ ಪತ್ರ ಬಂದಿತ್ತು. ಇವರು ಹೆಸರು ಕೊಟ್ಟಿದ್ದರು. ನಾಲ್ಕು ಸೂಚನೆ ಹೇಳಬೇಕೆಂದು ಇಟ್ಟುಕೊಂಡಿದ್ದರು. ಮೂರು ಬರೆದು ಮುಗಿದಿದ್ದವು. ನಾಲ್ಕನೆಯದು ಆರು ತಿಂಗಳಿಂದ ಅವರ ತಲೆ ತಿನ್ನುತ್ತಿತ್ತು.

"ಕೇಳ್ಲತ್ತಿ ಏನ್? ನಾಲ್ಕನೇದು ಸಿಕ್ತು," ಅಂದರು.

"ಏನ್ ಸಿಕ್ತುರಿ?"

"ಉಪಾಯ. ಹೇಳ್ಲಿ ಏನ್?"

"ಮೊದಲ ಜಳಕ ಮಾಡ್ರಿ. ನೀರು ಆರ್ಲತ್ತಾವ. ನಿಮ್ಮ ಉಪಾಯ ಏನ್ ಆರೋದಿಲ್ಲ."

ಒಳಗಿನಿಂದ ಮಗಳು ಕೂಗಿದಳು. "ಪಪ್ಪಾ, ಸಂಡೇ ತರೀ ಶಾಳಾ ಬಂದ್ ಮಾಡ್ರಿ!" ಭಾನುವಾರವಾದರೂ ಶಾಲೆ ಬಿಡಿ ಎಂದು; ಅವಳ ಮಾತಿನಲ್ಲಿ ಯಾವಾಗಲೂ ಅರ್ಧ ಮರಾಠಿ.

"ನಿನ್ನ ಕನ್ನಡ ಸುಧಾರಿಸಿದ ದಿವಸ ಬಂದ್ ಮಾಡ್ತೀನಿ," ಅಂದು ನಗುತ್ತಾ ಎದ್ದು ಹೋದರು.

ಜಳಕ ಮಾಡಿ ಬಂದವರು ಊಟದ ಹೊತ್ತಿನ ತನಕ ಆ ನೋಟುಬುಕ್ಕಿನಲ್ಲಿ ಬರೆದರು. ಮೂರು ರೊಟ್ಟಿ ತಿಂದರು. ಪಲ್ಯಕ್ಕೆ ಉಪ್ಪು ಕಡಿಮೆ ಅಂದರು. ಸಂಜೆ ನಾನು ಅವರ ಅಂಗಿ ಇಸ್ತ್ರಿ ಮಾಡಿದೆ. ಏನೋ ಹೇಳ್ತೀನಂದ್ರಲ್ಲ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಸೋಮವಾರ ಬೆಳಗ್ಗೆ ಬಸ್ಸಿಗೆ ಹೊರಟವರು ಬೂಟಿನ ಲೇಸು ಕಟ್ಟಲು ಬಗ್ಗಿದರು. ಹಾಗೇ ಪಕ್ಕಕ್ಕೆ ಒರಗಿದರು. ದವಾಖಾನೆ ಮುಟ್ಟುವ ಮುಂಚೆಯೇ ಜೀವ ಹೋಗಿತ್ತು ಎಂದು ಡಾಕ್ಟರು ಹೇಳಿದರು. ಐವತ್ತು ತುಂಬಿರಲಿಲ್ಲ.

ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಕೊಡುತ್ತೇವೆ. ಭಾಲ್ಕಿಯಿಂದ ಭಾವನವರು, ಅಂದರೆ ನನ್ನ ಗಂಡನ ಅಣ್ಣ, ಮಂಗಳವಾರ ಬೆಳಗ್ಗೆ ಬಂದರು. ಅವರ ಮನೆತನದಲ್ಲಿ ಇನ್ನೊಂದು ಪದ್ಧತಿ ಇದೆ. ಹೋದವರು ದಿನಾ ಕೈಯಲ್ಲಿ ಹಿಡಿಯುತ್ತಿದ್ದ ಒಂದು ವಸ್ತುವನ್ನು ವಿಭೂತಿ, ಪತ್ರಿಯ ಜೊತೆ ಅವರ ಮಡಿಲಲ್ಲಿ ಇಡುತ್ತಾರೆ. ನಮ್ಮ ಅತ್ತೆಯ ಮಡಿಲಲ್ಲಿ ಅವರ ಎಲೆ ಅಡಿಕೆ ಚೀಲ ಇಟ್ಟಿದ್ದರು. ಮಾವನವರಿಗೆ ಕುಡಗೋಲಿನ ಹಿಡಿಕೆ. ಅದನ್ನು ತಂದುಕೊಡಬೇಕಾದವಳು ಹೆಂಡತಿ ಅಥವಾ ಹಿರಿ ಸೊಸೆ.

"ತಂಗಿ, ನಮ್ಮ ತಮ್ಮ ದಿನಾ ಏನ್ ಹಿಡೀತಿದ್ದ?" ಎಂದು ಭಾವನವರು ಕೇಳಿದರು.

ನಾನು ಒಳಗೆ ಹೋದೆ. ಟೇಬಲ್ಲಿನ ಮೇಲೆ ಒಂದು ನೀಲಿ ಫೈಲು, ಅದರ ಮೇಲೆ 'ಶುದ್ಧಪ್ರತಿ' ಎಂದು ಅವರ ಅಕ್ಷರ. ಪಕ್ಕದಲ್ಲಿ ಕೆಂಪು ಬೆನ್ನಿನ ನೋಟುಬುಕ್ಕು. ಶುದ್ಧಪ್ರತಿ ಆಗಿದೆ ಅಂದಮೇಲೆ ಕಚ್ಚಾ ಪ್ರತಿಯ ಕೆಲಸ ಮುಗಿಯಿತು ಅನಿಸಿತು. ಬೆಲೆಯುಳ್ಳದ್ದು ಮನೆಯಲ್ಲಿ ಉಳಿಯಲಿ, ಅವರು ಪ್ರೀತಿಯಿಂದ ಹಿಡಿದದ್ದು ಅವರ ಜೊತೆ ಹೋಗಲಿ ಎಂದು ಅಷ್ಟು ದುಃಖದಲ್ಲೂ ನಾನು ಲೆಕ್ಕ ಹಾಕಿದೆ. ಅದನ್ನು ಸೆರಗಿನಲ್ಲಿ ಒರೆಸಿ ತಂದುಕೊಟ್ಟೆ. ಭಾವನವರು ಅವರ ಮಡಿಲಲ್ಲಿ ಇಟ್ಟರು. ಮೇಲೆ ಉಪ್ಪು, ವಿಭೂತಿ, ಆಮೇಲೆ ಮಣ್ಣು.

ಹೀಗೆ ನನ್ನ ಕೈಯಿಂದಲೇ ಆಯಿತು. ಯಾರೂ ಒತ್ತಾಯ ಮಾಡಿರಲಿಲ್ಲ.

ಅವರ ಹೆಸರಿನ ಗಣಾರಾಧನೆ ಮುಗಿದು ನೆಂಟರು ಊರಿಗೆ ಹೋದ ಮೇಲೆ ಶಾಲೆಯ ಹೆಡ್‌ಮಾಸ್ತರರು ಮನೆಗೆ ಬಂದರು. ಸಂಭಾಜಿನಗರದಿಂದ ಪಟ್ಟಿ ಬಂದಿದೆ, ಅದರಲ್ಲಿ ಸರ್ ಹೆಸರು ಇದೆ, ಸಭೆಗೆ ಇನ್ನು ಮೂರು ವಾರ ಇದೆ ಅಂದರು. "ವಹಿನಿ, ನಾವು ಹೆಸರು ಹೊಡೆದುಹಾಕಲು ಪತ್ರ ಕಳಿಸುತ್ತೇವೆ," ಎಂದು, ಅತ್ತಿಗೆಯನ್ನು ಕರೆಯುವಂತೆ ಕರೆದು, ಮರಾಠಿಯಲ್ಲಿ ಮೆಲ್ಲಗೆ ಹೇಳಿದರು.

ಬೇಡ ಅಂದೆ. ನನ್ನ ಗಂಡ ಬರೆದದ್ದನ್ನು ನಾವೇ ಒಯ್ದು ಕೊಡುತ್ತೇವೆ ಅಂದೆ. ಅಂಥ ಮಾತು ನನ್ನ ಬಾಯಿಂದ ಬಂದದ್ದು ನೋಡಿ ಮಗಳು ಚಹಾದ ಕಪ್ಪು ಹಿಡಿದು ಹಾಗೇ ನಿಂತುಬಿಟ್ಟಳು.

ಮಾಸ್ತರರು ಎದ್ದು ಹೋದ ಮೇಲೆ ನೀಲಿ ಫೈಲು ತೆಗೆದೆವು. ಎಲ್ಲಾ ಕನ್ನಡದಲ್ಲಿತ್ತು. ಮರಾಠಿಗೆ ತಿರುಗಿಸುವ ಕೆಲಸ ಉಳಿದಿತ್ತು. ಮಗಳಿಗೆ ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ. ನನಗೆ ಓದಲು ಬರುತ್ತದೆ, ಮರಾಠಿ ಬರೆಯಲು ಬರುವುದಿಲ್ಲ. ಹಾಗಾಗಿ ನಾನು ಓದುವುದು, ಅವಳು ಬರೆಯುವುದು ಎಂದು ಮಾಡಿಕೊಂಡೆವು. ದಿನಾ ಅವಳು ಕಾಲೇಜಿನಿಂದ ಬಂದ ಮೇಲೆ ಕೂರುತ್ತಿದ್ದೆವು.

ಮೊದಲನೆಯ ಸೂಚನೆ ಪರೀಕ್ಷೆಯ ಹೊತ್ತಿನ ಬಗ್ಗೆ. ನಿಫಾಡ್ ಕಡೆ ದ್ರಾಕ್ಷಿ ಕೊಯ್ಲು ಮತ್ತು ಹತ್ತನೇ ತರಗತಿ ಪರೀಕ್ಷೆ ಒಟ್ಟೊಟ್ಟಿಗೆ ಬರುತ್ತವೆ. ಪೇಠ್, ಸುರ್ಗಾಣಾ ಕಡೆಯಿಂದ ಕೂಲಿಗೆ ಬಂದವರ ಮಕ್ಕಳು ಬೆಳಗ್ಗೆ ಗೊಂಚಲು ಕತ್ತರಿಸಿ, ಕೈಯ ಅಂಟು ತೊಳೆಯದೆ ಪರೀಕ್ಷೆಗೆ ಬರುತ್ತಾರೆ, ಇಲ್ಲವೆ ಬರುವುದೇ ಇಲ್ಲ. ಒಂದೇ ಸಲ ಎಲ್ಲಾ ವಿಷಯ ಬರೆಯುವ ಬದಲು ವರ್ಷದಲ್ಲಿ ಮೂರು ಸಲ ಪರೀಕ್ಷೆ ಇರಲಿ, ತಯಾರಾದ ವಿಷಯವನ್ನು ತಯಾರಾದಾಗ ಬರೆಯಲಿ, ಪಾಸಾದ ವಿಷಯ ಪಾಸಾಗಿಯೇ ಉಳಿಯಲಿ ಎಂದು ಬರೆದಿದ್ದರು.

ಎರಡನೆಯದು ಬಾಯಿಮಾತಿನ ಪರೀಕ್ಷೆ. ಮಗು ಯಾವ ಭಾಷೆಯಲ್ಲಿ ವಿಚಾರ ಮಾಡುತ್ತದೋ ಆ ಭಾಷೆಯಲ್ಲಿ ಉತ್ತರ ಹೇಳಲಿ, ಆ ಭಾಷೆ ಬಲ್ಲ ಇನ್ನೊಂದು ಶಾಲೆಯ ಶಿಕ್ಷಕರು ಬಂದು ಕೇಳಲಿ, ಅದಕ್ಕೂ ಅಂಕ ಇರಲಿ ಎಂದು. ಇದರ ಕೆಳಗೆ ತಮ್ಮದೇ ಕಥೆ ಬರೆದಿದ್ದರು. ಕನ್ನಡ ಶಾಲೆಯಿಂದ ಉದಗೀರದ ಕಾಲೇಜಿಗೆ ಹೋದ ವರ್ಷ, ಗೊತ್ತಿದ್ದ ಉತ್ತರಕ್ಕೆ ಮರಾಠಿ ಸಿಗದೆ ಖಾಲಿ ಹಾಳೆ ಕೊಟ್ಟು ಎದ್ದು ಬಂದದ್ದು.

"ಇದು ಪಪ್ಪಾ ನನಗ ಹೇಳೇ ಇಲ್ಲ," ಅಂದಳು ಮಗಳು.

"ನನಗೂ ಹೇಳಿಲ್ಲ."

ಮೂರನೆಯದನ್ನು ಬರೆಯುವಾಗ ಅವಳು ಪೆನ್ನು ನಿಲ್ಲಿಸಿದಳು. "ಖಾಲಿ ಪಾಠ ಅಂದ್ರ? ರಿಕಾಮಾ ಧಡಾ? ಪುಸ್ತಕದಾಗ ಖಾಲಿ ಪಾಠ ಯಾರು ಇಡ್ತಾರ ಮಮ್ಮಿ? ಜನಾ ನಗ್ತಾರ."

"ಪೂರಾ ಕೇಳು ಮೊದಲ. ನಿಮ್ಮಪ್ಪನಕಿಂತ ನಿನಗೇ ಅವಸರ."

ಪ್ರತಿ ಪುಸ್ತಕದಲ್ಲಿ ಒಂದು ಪಾಠದ ಜಾಗ ಖಾಲಿ ಬಿಡಬೇಕು, ಆ ಪಾಠವನ್ನು ಆಯಾ ಶಾಲೆಯ ಮಕ್ಕಳು ಮತ್ತು ಶಿಕ್ಷಕರು ಸೇರಿ ಬರೆಯಬೇಕು, ಪರೀಕ್ಷೆಯಲ್ಲಿ ಅದರ ಮೇಲೂ ಪ್ರಶ್ನೆ ಇರಬೇಕು ಎಂದಿತ್ತು. ಅವರ ಶಾಲೆಯಲ್ಲಿ ಆಗಲೇ ಮಾಡಿ ನೋಡಿದ್ದರಂತೆ. ಬಳ್ಳಿ ಹಬ್ಬಿಸಲು ಎಷ್ಟು ತಂತಿ ಬೇಕು, ಔಷಧಿಗೆ ಎಷ್ಟು ನೀರು ಬೆರೆಸಬೇಕು, ಇಳಿಜಾರಿನ ತೋಟದ ಕ್ಷೇತ್ರಫಲ ಹೇಗೆ ತೆಗೆಯಬೇಕು, ಎಲ್ಲಾ ಮಕ್ಕಳು ಕಟ್ಟಿದ ಲೆಕ್ಕಗಳು. ಅದರಲ್ಲಿ ಒಂದು ಲೆಕ್ಕ ತಪ್ಪಾಗಿತ್ತು ಎಂದು ಮಗಳು ಕಂಡುಹಿಡಿದಳು. ಹಾಳೆಯ ಅಂಚಿನಲ್ಲಿ ಅವರೇ ಬರೆದಿದ್ದರು: 'ತಪ್ಪಿದೆ. ಮಕ್ಕಳೇ ಕಂಡುಹಿಡಿಯಲಿ ಎಂದು ಬಿಟ್ಟಿದ್ದೇನೆ.' ಅವರು ಹೋದ ಮೇಲೆ ನಾವಿಬ್ಬರೂ ನಕ್ಕದ್ದು ಅದೇ ಮೊದಲ ಸಲ.

ಮಗಳು ಹಾಳೆ ತಿರುವಿದಳು. ಕೊನೆಯ ಹಾಳೆಯಲ್ಲಿ ಮೇಲೆ ಒಂದು ಸಾಲು ಇತ್ತು. ನಾನು ಓದಿದೆ. 'ನಾಲ್ಕು: ನಪಾಸಾದ ಮಗು ಮರುದಿನ ಎಲ್ಲಿಗೆ ಹೋಗಬೇಕು?'

ಕೆಳಗೆ ಏನೂ ಇರಲಿಲ್ಲ.

ಹಾಳೆಯ ಹಿಂದೆ ನೋಡಿದೆವು, ಫೈಲಿನ ಒಳಜೇಬು ನೋಡಿದೆವು, ಕಪಾಟು, ಅವರ ಚೀಲ, ಹಾಸಿಗೆಯ ಕೆಳಗೆ, ಹಳೆಯ ಪೇಪರಿನ ರಾಶಿ. ಮಗಳು, "ಆ ಕೆಂಪು ವಹಿ ಎಲ್ಲದ ಮಮ್ಮಿ? ಸಂಡೇ ಅದರಾಗೇ ಬರೀಲತ್ತಿದ್ರಲ್ಲ?" ಅಂದಳು. ಅಂದವಳೇ ನನ್ನ ಮುಖ ನೋಡಿ ಕೈಯಲ್ಲಿದ್ದ ಪೇಪರಿನ ಕಟ್ಟು ಕೆಳಗಿಟ್ಟಳು. ಮಂಗಳವಾರ ಅವಳೂ ಅಲ್ಲೇ ನಿಂತು ನೋಡಿದ್ದಳು.

ಆ ಪ್ರಶ್ನೆ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ನಾನೂ ಹತ್ತನೆಯದರಲ್ಲಿ ಗಣಿತದಲ್ಲಿ ನಪಾಸಾದವಳು. ಗಣಿತದ ಮಾಸ್ತರರ ಹೆಂಡತಿ ಗಣಿತದಲ್ಲಿ ನಪಾಸು ಎಂದು ನಾದಿನಿಯರು ಮದುವೆಯಾದ ಹೊಸತರಲ್ಲಿ ಬಹಳ ಕಾಡಿದ್ದರು. ಇವರು ಎಂದೂ ಆ ಮಾತು ಎತ್ತಿರಲಿಲ್ಲ. ಹೋದ ಬೇಸಿಗೆಯಲ್ಲಿ ಮಾತ್ರ, ಅವರ ಶಾಲೆಯ ಫಲಿತಾಂಶ ಬಂದ ದಿನ, ಒಮ್ಮೆಲೇ ಕೇಳಿದರು.

"ನೀ ನಪಾಸಾದ ಮರುದಿನ ಎಲ್ಲಿ ಹೋಗಿದ್ದಿ?"

"ಎಲ್ಲಿ ಹೋಗ್ಲಿ? ಗಿರಣಿಗೆ. ಜೋಳ ಬೀಸ್ಕೊಂಡ್ ಬರ್ಲಿಕ್ಕ."

ಅವರು ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡರು. ನನಗೆ ಸಿಟ್ಟು ಬಂದಿತ್ತು. ಚೇಷ್ಟೆ ಮಾಡುತ್ತಾರೆ ಎಂದು ಒಂದು ದಿನ ಮಾತು ಬಿಟ್ಟಿದ್ದೆ.

ಮೂರು ವಾರದಲ್ಲಿ ಎರಡು ವಾರ ಹುಡುಕಾಟದಲ್ಲಿ ಹೋಯಿತು. ಹೆಡ್‌ಮಾಸ್ತರರಿಗೆ ಫೋನು ಮಾಡಿದೆವು. ಸರ್ ಮೂರು ಸೂಚನೆ ನನಗೆ ತೋರಿಸಿದ್ದರು, ನಾಲ್ಕನೆಯದು ಆದ ಮೇಲೆ ತೋರಿಸುತ್ತೇನೆ ಅಂದಿದ್ದರು, ಎಂದರು. ಜೊತೆಯ ಶಿಕ್ಷಕರಿಗೂ ಗೊತ್ತಿರಲಿಲ್ಲ. ಕೊನೆಗೆ ಒಬ್ಬ ಹುಡುಗಿಯ ಹೆಸರು ಬಂತು. ಕೂಲಿಗೆ ಬಂದವರ ಮಗಳು, ಹೋದ ವರ್ಷ ಗಣಿತ ಒಂದರಲ್ಲೇ ನಪಾಸಾದವಳು. ಸರ್ ಆಗಾಗ ಅವಳ ಹತ್ತಿರ ಹೋಗಿ ಮಾತಾಡುತ್ತಿದ್ದರು ಎಂದು ಯಾರೋ ಹೇಳಿದರು.

ನಾನೂ ಮಗಳೂ ನಿಫಾಡ್ ಬಸ್ಸು ಹತ್ತಿದೆವು. ಅವರು ಇಪ್ಪತ್ತೆರಡು ವರ್ಷ ಹೋಗಿ ಬಂದ ದಾರಿಯಲ್ಲಿ ನಾನು ಹೋದದ್ದು ಅದು ಮೂರನೆಯ ಸಲ. ಹುಡುಗಿ ತೋಟದಲ್ಲಿದ್ದಳು. ಬಳ್ಳಿಯ ಚಪ್ಪರದ ಕೆಳಗೆ ಕತ್ತು ಮೇಲೆ ಮಾಡಿ, ಒಂದೊಂದೇ ಗೊಂಚಲಿಗೆ ಹಳೆಯ ಪೇಪರು ಸುತ್ತುತ್ತಿದ್ದಳು. ನಾನು ಯಾರೆಂದು ಮಗಳು ಹೇಳಿದ ಕೂಡಲೇ ಬಂದು ನನ್ನ ಕಾಲು ಮುಟ್ಟಿದಳು.

"ಸರ್ ನಿನಗೆ ಏನಾದರೂ ಹೇಳಿದ್ದರಾ, ನಪಾಸಾದವರು ಏನು ಮಾಡಬೇಕು ಅಂತ?" ಎಂದು ನನ್ನ ಮುರುಕು ಮರಾಠಿಯಲ್ಲಿ ಕೇಳಿದೆ.

"ಶನಿವಾರ ಬಂದಿದ್ದರು. ನಿನಗೆ ಒಂದು ದಾರಿ ಇದೆ, ಬಹುತೇಕ ಸಿಕ್ಕಿದೆ, ಸೋಮವಾರ ಶಾಲೆಗೆ ಬಾ, ಹೇಳ್ತೀನಿ ಅಂದರು. ನಾನು ಸೋಮವಾರ ಕೆಲಸ ಬಿಟ್ಟು ಹೋಗಿದ್ದೆ. ಮಧ್ಯಾಹ್ನದವರೆಗೆ ಮೆಟ್ಟಿಲ ಮೇಲೆ ಕೂತಿದ್ದೆ. ಆಮೇಲೆ ಶಾಲೆಗೆ ರಜೆ ಕೊಟ್ಟರು."

ಕೈಗೆ ಹತ್ತಿದ ಪೇಪರಿನ ಮಸಿ ಒರೆಸಿಕೊಳ್ಳುತ್ತಾ ಅವಳೇ ಕೇಳಿದಳು. "ಕಾಕೂ, ಅದು ಏನಿತ್ತು? ನಿಮಗೆ ಹೇಳಿರಬೇಕಲ್ಲ?"

ನಾನು ಏನು ಹೇಳಲಿ? ಹೇಳಲು ಬಂದಿದ್ದರು, ನಾನು ಜಳಕಕ್ಕೆ ಕಳಿಸಿದೆ ಎಂದು ಹೇಳಲೇ? ಸಿಕ್ಕರೆ ತಿಳಿಸುತ್ತೇನೆ ಎಂದೆ. ಅವಳು ತಲೆಯಾಡಿಸಿ ಮತ್ತೆ ಕೈ ಮೇಲೆತ್ತಿದಳು. ಅವಳ ಹಿಂದೆ ಉದ್ದಕ್ಕೂ ಪೇಪರು ಸುತ್ತಿದ ಗೊಂಚಲುಗಳು ನೇತಾಡುತ್ತಿದ್ದವು.

ಮರುದಿನ ಬೆಳಗ್ಗೆ ನಾನು ಒಬ್ಬಳೇ ರುದ್ರಭೂಮಿಗೆ ಹೋದೆ. ಮಣ್ಣು ಇನ್ನೂ ಪೂರ್ತಿ ಕೂತಿರಲಿಲ್ಲ. ನಿಂತಲ್ಲಿಂದ ಎರಡು ಕೈಯಿಂದ ಕೆದಕಿದರೂ ಸಿಗಬಹುದು ಅನಿಸಿತು. ಇದನ್ನು ಬರೆಯಲು ನನಗೆ ನಾಚಿಕೆ ಇಲ್ಲ. ನಾನು ನಿಜವಾಗಿಯೂ ಬಗ್ಗಿ ಒಂದು ಹಿಡಿ ಮಣ್ಣು ತೆಗೆದೆ. ಆಮೇಲೆ ಅದನ್ನು ಅಲ್ಲೇ ಹಾಕಿ ಭಾವನವರಿಗೆ ಫೋನು ಮಾಡಿದೆ.

"ಭಾವ, ಆ ನೋಟುಬುಕ್ಕು ಬೇಕಾಗ್ಯಾದರಿ."

"ಯಾವ ನೋಟುಬುಕ್ಕು?"

"ಮಡಿಲಾಗ ಇಟ್ಟಿದ್ದು."

ಆ ಕಡೆ ಯಾವುದೋ ಟ್ರಾಕ್ಟರಿನ ಸದ್ದು ಕೇಳುತ್ತಿತ್ತು. ಆಮೇಲೆ ಅಂದರು, "ತಂಗಿ, ನೀ ಈಗ ಎಲ್ಲಿದ್ದಿ?"

"ಇಲ್ಲೇ. ಅವರ ಹತ್ರ."

"ಮನೀಗಿ ಹೋಗವ್ವ. ಕೊಟ್ಟಿದ್ದು ಹಿಂದಕ ಬೇಡಬಾರದು. ಮತ್ತ ಉಪ್ಪಿನಾಗ ಕಾಗದ ಎಷ್ಟ್ ದಿನಾ ಇರ್ತದ, ನೀನೇ ಹೇಳು." ಮತ್ತೆ ತಾವೇ ಅಂದರು. "ಅವತ್ತು ಒಂದ್ ಮಾತ್ ಕೇಳಿದ್ರ ಅದರ ಬದಲಿ ಪೆನ್ನು ಇಡ್ತಿದ್ದೆ. ನಾನೂ ಕೇಳ್ಲಿಲ್ಲ, ನೀನೂ ಹೇಳ್ಲಿಲ್ಲ."

ಸಭೆಯ ದಿನ ಬೆಳಗಿನ ಮೊದಲ ಬಸ್ಸಿಗೆ ಸಂಭಾಜಿನಗರಕ್ಕೆ ಹೊರಟೆವು. ಯೇವಲಾ ದಾಟುವ ತನಕ ಮಗಳು ಮರಾಠಿ ಪ್ರತಿಯನ್ನು ಮೆಲ್ಲಗೆ ಓದಿಕೊಳ್ಳುತ್ತಿದ್ದಳು. ನಾಲ್ಕನೆಯದನ್ನು ತೆಗೆದುಬಿಡೋಣ ಎಂದು ಅವಳು ಹಿಂದಿನ ದಿನವೇ ಹೇಳಿದ್ದಳು. ಖಾಲಿ ಹಾಳೆ ಕೊಟ್ಟರೆ ಪಪ್ಪಾ ಕೆಲಸ ಅರ್ಧಕ್ಕೆ ಬಿಟ್ಟರು ಅಂದುಕೊಳ್ಳುತ್ತಾರೆ ಎಂದು ಅವಳ ಸಂಕಟ. ನಾನು ಒಪ್ಪಲಿಲ್ಲ. ವೈಜಾಪುರದಲ್ಲಿ ಬಸ್ಸು ನಿಂತಾಗ ಇನ್ನೊಮ್ಮೆ ಕೇಳಿದಳು. "ಮಮ್ಮಿ, ನಾವೇ ಏನಾದ್ರೂ ಬರ್ದ್ರ? ಎರಡು ಲೈನ್ ಸಾಕು."

"ಏನ್ ಬರೀತಿ?"

ಅವಳು ಪೆನ್ನು ತೆಗೆದಳು. ಬಸ್ಸು ಹೊರಟು ಬಹಳ ದೂರ ಹೋದ ಮೇಲೂ ಹಾಳೆಯ ಮೇಲೆ ಏನೂ ಬಿದ್ದಿರಲಿಲ್ಲ. ಮತ್ತೆ ಪೆನ್ನಿಗೆ ಟೋಪಿ ಹಾಕಿ ಇಟ್ಟಳು.

ಸಭೆ ಒಂದು ಉದ್ದನೆಯ ಹಾಲಿನಲ್ಲಿ. ಹೊರಗೆ ವರಾಂಡದಲ್ಲಿ ಬೇರೆ ಬೇರೆ ಜಿಲ್ಲೆಯ ಶಿಕ್ಷಕರು ಫೈಲು ಹಿಡಿದು ಕೂತಿದ್ದರು. ಪಟ್ಟಿ ಹಿಡಿದ ಗುಮಾಸ್ತ ಮೊದಲು, ಹೆಸರಿದ್ದವರು ಮಾತ್ರ ಒಳಗೆ ಹೋಗಬೇಕು ಅಂದ. ಹೆಸರಿದ್ದವರು ಇಲ್ಲ ಎಂದು ಮಗಳು ಹೇಳಿದಳು. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ತಾನೇ ಎದ್ದು ಕುರ್ಚಿ ತಂದು ಹಾಕಿದ.

ಒಳಗೆ ಐದು ಜನ. ನಡುವೆ ವಯಸ್ಸಾದ ಒಬ್ಬ ಹೆಂಗಸು, ಅವರೇ ಅಧ್ಯಕ್ಷೆ. ಮಗಳು ಮೂರು ಸೂಚನೆಯನ್ನೂ ಓದಿದಳು. ಎರಡನೆಯದರಲ್ಲಿ ಖಾಲಿ ಹಾಳೆಯ ಕಥೆ ಬಂದಾಗಲೂ ನಿಲ್ಲಿಸಲಿಲ್ಲ. ಅವರು ಕೇಳಿದರು, ಬರೆದುಕೊಂಡರು. ಕೊನೆಗೆ ಅವಳು ನಾಲ್ಕನೆಯದರ ಒಂದು ಸಾಲು ಓದಿ ಹಾಳೆ ಕೆಳಗಿಟ್ಟಳು.

ಅಧ್ಯಕ್ಷೆ ತಲೆ ಎತ್ತಿದರು. "ಮೊದಲ ಎರಡನ್ನು ಬೇರೆಯವರೂ ಹೇಳಿದ್ದಾರೆ. ಮೂರನೆಯದೂ ಒಳ್ಳೆಯದಿದೆ. ಆದರೆ ಈ ಪ್ರಶ್ನೆಯನ್ನು ಇಲ್ಲಿ ಯಾರೂ ಕೇಳಿಲ್ಲ. ಮುಂದೆ ಓದು ಮಗಳೇ."

"ಮುಂದೆ ಇಲ್ಲ, ಮ್ಯಾಡಮ್."

"ಬರೆದಿರಲಿಲ್ಲವಾ?"

"ಬರೆದಿದ್ದರು," ಅಂದೆ ನಾನು. ಹಾಲಿನಲ್ಲಿ ಅದೇ ನನ್ನ ಮೊದಲ ಮಾತು. "ಅದು ಕಳೆಯಿತು. ನನ್ನಿಂದ ಕಳೆಯಿತು."

ಹೇಗೆ ಎಂದು ಅವರು ಕೇಳಲಿಲ್ಲ. ಅವರ ಪಕ್ಕದಲ್ಲಿ ಕೂತವರು ಗಡಿಯಾರ ನೋಡಿದರು. ಇನ್ನು ಎದ್ದು ಹೋಗಬೇಕು ಎಂದು ಗೊತ್ತಾಯಿತು. ಎದ್ದರೆ ಎಲ್ಲಾ ಮುಗಿಯಿತು. ನಾನು ಏಳಲಿಲ್ಲ. ಮರಾಠಿ, ಹಿಂದಿ, ಕನ್ನಡ, ಯಾವುದು ಬಾಯಿಗೆ ಬಂತೋ ಅದರಲ್ಲಿ ಹೇಳಿದೆ. ಕೆಲವು ಕಡೆ ಮಗಳು ತಿರುಗಿಸಿದಳು.

ನಾನು ನಪಾಸಾದ ಮರುದಿನ ನಮ್ಮವ್ವ ಜೋಳದ ಡಬ್ಬಿ ಕೊಟ್ಟಳು. ಗಿರಣಿಗೆ ಎರಡು ದಾರಿ ಇದ್ದವು. ಹತ್ತಿರದ ದಾರಿಯಲ್ಲಿ ಶಾಲೆ ಇತ್ತು, ಅದಕ್ಕೇ ಸುತ್ತು ಹಾಕಿ ಹೋದೆ. ಅಂದಿನಿಂದ ಮದುವೆಯಾಗುವ ತನಕ ಸುತ್ತು ದಾರಿಯಲ್ಲೇ ಹೋದೆ. ಮಾಸ್ತರರು ಯಾರೂ ಮನೆಗೆ ಬಂದು ನಾಳೆ ಬಾ ಅನ್ನಲಿಲ್ಲ. ಅನ್ನಬೇಕೆಂದು ಅವರ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಒಂದು ವಿಷಯದಲ್ಲಿ ನಪಾಸಾಗಿದ್ದೆ, ಐದರಲ್ಲಿ ಪಾಸಾಗಿದ್ದೆ. ಆ ಐದನ್ನು ಎಲ್ಲಿ ಇಡಬೇಕು ಎಂದು ನನಗೂ ಗೊತ್ತಾಗಲಿಲ್ಲ, ನಮ್ಮಪ್ಪನಿಗೂ ಗೊತ್ತಾಗಲಿಲ್ಲ. ಈಗ ನಿಫಾಡಿನ ತೋಟದಲ್ಲಿ ಒಬ್ಬ ಹುಡುಗಿ ಹಾಗೇ ನಿಂತಿದ್ದಾಳೆ. ಶಾಲೆಯ ಪಟ್ಟಿಯಲ್ಲಿ ಅವಳ ಹೆಸರಿಲ್ಲ, ಕಾಲೇಜಿನ ಪಟ್ಟಿಯಲ್ಲೂ ಇಲ್ಲ.

ಗಡಿಯಾರ ನೋಡಿದವರೂ ಬರೆದುಕೊಳ್ಳುತ್ತಿದ್ದರು. ಅಧ್ಯಕ್ಷೆ ಬಹಳ ಮೃದುವಾಗಿ ಕೇಳಿದರು. "ತಾಯಿ, ಇದು ಅವರ ಉತ್ತರವಾ?"

ಹೌದು ಎಂದಿದ್ದರೆ ಬರೆದುಕೊಳ್ಳುತ್ತಿದ್ದರು. ಮಗಳು ನನ್ನ ಮೊಣಕೈ ಹಿಡಿದಳು, ಹೌದು ಅನ್ನು ಎಂದು.

"ಅಲ್ಲರಿ," ಅಂದೆ. "ಇದು ಪ್ರಶ್ನೆ. ಉತ್ತರ ಅವರ ಹತ್ತಿರ ಇತ್ತು."

ಬರುವಾಗ ಬಸ್ಸು ನಿಫಾಡಿನಲ್ಲಿ ನಿಂತಾಗ ನಾನು ಕಿಟಕಿಯ ಆ ಕಡೆ ನೋಡಲಿಲ್ಲ.

ಎರಡು ತಿಂಗಳ ಮೇಲೆ ಸಭೆಯ ವರದಿಯ ಪ್ರತಿ ಶಾಲೆಗೆ ಬಂತು. ಹೆಡ್‌ಮಾಸ್ತರರು ಫೋಟೋ ತೆಗೆದು ಮಗಳ ಮೊಬೈಲಿಗೆ ಕಳಿಸಿದರು. ನನ್ನ ಗಂಡನ ಹೆಸರಿನ ಕೆಳಗೆ ಮೂರು ಸೂಚನೆಗಳು ಚೆನ್ನಾಗಿ ಬಂದಿವೆ. ಖಾಲಿ ಪಾಠವನ್ನು ಕೆಲವು ಶಾಲೆಗಳಲ್ಲಿ ಪ್ರಯೋಗ ಮಾಡಿ ನೋಡಬಹುದು ಎಂದಿದೆ. ನಾಲ್ಕನೆಯದರ ಮುಂದೆ ಪ್ರಶ್ನೆಯನ್ನು ಹಾಗೇ ಬರೆದು, ಕೆಳಗೆ 'ವಿವರ ದೊರೆತಿಲ್ಲ' ಎಂದಿದೆ.

ಹುಡುಗಿ ಮರುಪರೀಕ್ಷೆಯ ಅರ್ಜಿ ತುಂಬಲಿಲ್ಲ. ಕೊಯ್ಲು ಮುಗಿದ ಮೇಲೆ ಅವಳ ಮನೆಯವರು ಊರಿಗೆ ಹೋದರಂತೆ. ಫೋನು ಹತ್ತುತ್ತಿಲ್ಲ. ಅವಳಿಗೆ ಹೇಳಬೇಕೆಂದು ನನ್ನ ಗಂಡ ಕಂಡುಕೊಂಡ ದಾರಿ ಯಾವುದೆಂದು ನನಗೆ ಇನ್ನೂ ಗೊತ್ತಿಲ್ಲ.